ಸಾಂವಿಧಾನಿಕ ರಾಜ

ಸಂವಿಧಾನದ ಕಟ್ಟುಪಾಡಿಗೆ ಒಳಪಟ್ಟು ಸಿಂಹಾಸನದಲ್ಲಿರುವ ರಾಜ ಅಥವಾ ರಾಣಿ. ದೇಶದ ಮುಖ್ಯಸ್ಥ ಇವನೇ, ಆದರೆ ಆಡಳಿತ ನಡೆಸುವವರು ಜನ ಆರಿಸಿದ ಪ್ರತಿನಿಧಿಗಳು. ಕಥೆಗಳ ರಾಜ ಮೆಚ್ಚಿದವನಿಗೆ ಅರ್ಧ ರಾಜ್ಯ ಕೊಡುತ್ತಾನೆ, ಮುನಿದರೆ ಗಡೀಪಾರು ಮಾಡುತ್ತಾನೆ. ಇವನು ಎರಡನ್ನೂ ಮಾಡುವಂತಿಲ್ಲ. ಬ್ರಿಟನ್, ನಾರ್ವೆ, ಸ್ವೀಡನ್, ಸ್ಪೇನ್, ಜಪಾನ್ ಮುಂತಾದ ದೇಶಗಳಲ್ಲಿ ಇಂಥ ದೊರೆಗಳಿದ್ದಾರೆ. ಹೆಚ್ಚು ಪರಿಚಿತರು 2022ರಲ್ಲಿ ಪಟ್ಟಕ್ಕೆ ಬಂದ ಬ್ರಿಟನ್ನಿನ ಮೂರನೆಯ ಚಾರ್ಲ್ಸ್.

ಬ್ರಿಟನ್ನಿನ ರಾಜರು ಅಧಿಕಾರವನ್ನು ಖುಷಿಯಿಂದ ಬಿಟ್ಟುಕೊಟ್ಟವರಲ್ಲ. 1215ರಲ್ಲಿ ಜಾನ್ ದೊರೆ ಶ್ರೀಮಂತ ಪಾಳೆಯಗಾರರ ಒತ್ತಡಕ್ಕೆ ಮಣಿದು ಮ್ಯಾಗ್ನಾ ಕಾರ್ಟಾ ಒಪ್ಪಂದಕ್ಕೆ ಮುದ್ರೆ ಒತ್ತಿದ. ಸಂಸತ್ತಿನೊಡನೆ ಯುದ್ಧಕ್ಕಿಳಿದ ಒಂದನೆಯ ಚಾರ್ಲ್ಸ್ 1649ರಲ್ಲಿ ತಲೆಯನ್ನೇ ಕಳೆದುಕೊಂಡ. ಸಂಸತ್ತಿನ ಒಪ್ಪಿಗೆಯಿಲ್ಲದೆ ರಾಜ ತೆರಿಗೆ ಹಾಕುವಂತಿಲ್ಲ ಎಂದು 1689ರ ಹಕ್ಕುಗಳ ಕಾಯಿದೆ ಸಾರಿತು.

ಈ ಹಳೆಯ ಜಗಳದ ಗುರುತು ಇಂದಿಗೂ ಕಾಣಸಿಗುವುದು ಸಂಸತ್ ಅಧಿವೇಶನದ ಉದ್ಘಾಟನೆಯ ದಿನ. ಕಿರೀಟ ಧರಿಸಿದ ದೊರೆ ಮೇಲ್ಮನೆಯಲ್ಲಿ ಕುಳಿತು, ಕೆಳಮನೆಯ ಸದಸ್ಯರನ್ನು ಕರೆತರಲು ಬ್ಲ್ಯಾಕ್ ರಾಡ್ ಎಂಬ ಅಧಿಕಾರಿಯನ್ನು ಕಳುಹಿಸುತ್ತಾನೆ. ಅಧಿಕಾರಿ ಹತ್ತಿರ ಬರುತ್ತಿದ್ದಂತೆ ಬಾಗಿಲನ್ನು ಮುಖಕ್ಕೆ ಹೊಡೆದಂತೆ ಮುಚ್ಚುತ್ತಾರೆ. ಕೋಲಿನಿಂದ ಮೂರು ಸಲ ತಟ್ಟಿದ ಮೇಲಷ್ಟೇ ಒಳಗೆ ಪ್ರವೇಶ. 1642ರಲ್ಲಿ ಐವರು ಸದಸ್ಯರನ್ನು ಹಿಡಿಯಲು ಒಂದನೆಯ ಚಾರ್ಲ್ಸ್ ಕೆಳಮನೆಗೆ ನುಗ್ಗಿದ್ದ. ಆಮೇಲೆ ಯಾವ ದೊರೆಯೂ ಅಲ್ಲಿನ ಅಧಿವೇಶನಕ್ಕೆ ಕಾಲಿಟ್ಟಿಲ್ಲ. ರಾಜ ಸಂಸತ್ತಿನಿಂದ ಕ್ಷೇಮವಾಗಿ ಮರಳುವವರೆಗೆ ಒಬ್ಬ ಸಂಸದರನ್ನು ಅರಮನೆಯಲ್ಲಿ ಒತ್ತೆಯಾಳಾಗಿ ಕೂರಿಸುವ ಸಂಪ್ರದಾಯವೂ ಉಂಟು. ಇಷ್ಟೆಲ್ಲ ವೈಭವದ ನಡುವೆ ದೊರೆ ಓದುವ ಭಾಷಣದಲ್ಲಿ ಅವನದೆಂಬ ಮಾತಿರುವುದಿಲ್ಲ. ‘ನನ್ನ ಸರ್ಕಾರ’ ಎನ್ನುತ್ತಾನೆ, ಬರೆದುಕೊಟ್ಟವರು ಮಂತ್ರಿಗಳು.

ಸಂಸತ್ತು ಒಪ್ಪಿದ ಮಸೂದೆ ಕಾನೂನಾಗಲು ರಾಜನ ಅಂಕಿತ ಬೇಕು. ಅದನ್ನು ಕೊನೆಯದಾಗಿ ನಿರಾಕರಿಸಿದವಳು ರಾಣಿ ಆನ್, 1708ರಲ್ಲಿ. ಪ್ರತಿದಿನ ಕೆಂಪು ಪೆಟ್ಟಿಗೆಗಳಲ್ಲಿ ಬರುವ ಸರ್ಕಾರಿ ಕಾಗದಪತ್ರಗಳನ್ನು ದೊರೆ ಓದಬೇಕು. ವಾರಕ್ಕೊಮ್ಮೆ ಪ್ರಧಾನಿ ಬಂದು ಮಾತಾಡುತ್ತಾರೆ. ಆ ಮಾತು ಹೊರಗೆ ಹೋಗುವಂತಿಲ್ಲ. ಮಂತ್ರಿಗಳು ತನ್ನ ಅಭಿಪ್ರಾಯ ಕೇಳಬೇಕೆನ್ನುವ, ಅವರನ್ನು ಹುರಿದುಂಬಿಸುವ, ಎಚ್ಚರಿಸುವ ಮೂರೇ ಹಕ್ಕುಗಳು ರಾಜನಿಗಿವೆ ಎಂದು ಪತ್ರಕರ್ತ ವಾಲ್ಟರ್ ಬ್ಯಾಜಟ್ 1867ರಲ್ಲಿ ಬರೆದ. 70 ವರ್ಷ ಆಳಿದ ಎರಡನೆಯ ಎಲಿಜಬೆತ್ ಚರ್ಚಿಲ್‌ರಿಂದ ಲಿಜ್ ಟ್ರಸ್‌ವರೆಗೆ 15 ಪ್ರಧಾನಿಗಳನ್ನು ಕಂಡರು. ಅಷ್ಟು ಅನುಭವವುಳ್ಳವರ ಎಚ್ಚರಿಕೆಯ ಮಾತಿಗೆ ತೂಕವಿರದೆ ಹೋಗದು.

ಹೇಳಿದಲ್ಲೆಲ್ಲ ಸಹಿ ಹಾಕುವ ರಾಜ ಯಾಕೆ ಬೇಕು ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ದೇಶದ ಅತಿ ಎತ್ತರದ ಪೀಠ ಯಾವ ಪಕ್ಷದವರಿಗೂ ಸಿಗದಂತೆ ನೋಡಿಕೊಳ್ಳುವುದೇ ಅವನ ಉಪಯೋಗ ಎನ್ನುವುದು ಸಾಮಾನ್ಯ ಉತ್ತರ. ಚುನಾವಣೆಯಲ್ಲಿ ಸೋತ ಪ್ರಧಾನಿ ಮರುದಿನವೇ ಮನೆ ಖಾಲಿ ಮಾಡಬಹುದು, ದೇಶದ ಮುಖ್ಯಸ್ಥ ಮಾತ್ರ ಬದಲಾಗುವುದಿಲ್ಲ. ಆದರೆ ಈ ಉತ್ತರದಲ್ಲಿ ಒಂದು ಬಿರುಕಿದೆ. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಕೇಳಿದರೆಂದು ರಾಣಿ ಸಂಸತ್ ಅಧಿವೇಶನವನ್ನು ಕೊನೆಗೊಳಿಸಿದರು. ಆ ಸಲಹೆಯೇ ಕಾನೂನುಬಾಹಿರ ಎಂದು ತಡೆದದ್ದು ಸುಪ್ರೀಂ ಕೋರ್ಟ್, ಸಿಂಹಾಸನವಲ್ಲ. ಹುಟ್ಟಿನಿಂದ ಪದವಿ ಬರುವುದು ಸರಿಯೇ ಎಂಬ ತಕರಾರು ಬೇರೆ ಇದ್ದೇ ಇದೆ.

ಎಲ್ಲ ದೇಶಗಳಲ್ಲೂ ಕಟ್ಟುಪಾಡು ಒಂದೇ ತೆರನಲ್ಲ. ಜಪಾನಿನ 1947ರ ಸಂವಿಧಾನ ಚಕ್ರವರ್ತಿಯನ್ನು ರಾಷ್ಟ್ರದ ಸಂಕೇತ ಎಂದಷ್ಟೇ ಕರೆದಿದೆ. ಸ್ವೀಡನ್ನಿನಲ್ಲಿ ಪ್ರಧಾನಿಯನ್ನು ನೇಮಿಸುವ ಔಪಚಾರಿಕ ಕೆಲಸವೂ ರಾಜನಿಗಿಲ್ಲ.

ಭಾರತದ ರಾಷ್ಟ್ರಪತಿಯೂ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರೇ, ಆದರೆ ಅವರು ಚುನಾಯಿತರು. ಅರಸನ ಅಧಿಕಾರ ಜನಪ್ರತಿನಿಧಿಗಳ ಕೈಗೆ ಬಂದದ್ದು ನಮ್ಮಲ್ಲೂ ಉಂಟು: ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರಕ್ಕಾಗಿ ನಡೆದ 1947ರ ‘ಮೈಸೂರು ಚಲೋ’ ಚಳವಳಿಯ ಬಳಿಕ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ 1950ರಲ್ಲಿ ರಾಜಪ್ರಮುಖರು, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾದರು, 1956ರಲ್ಲಿ ರಾಜ್ಯಪಾಲರಾದರು.