ಸ್ತನವರ್ಧನೆ ಶಸ್ತ್ರಚಿಕಿತ್ಸೆ: ಚೇತರಿಕೆ ಮತ್ತು ಕೆಲಸಕ್ಕೆ ಮರಳುವುದು

ಸಿಲಿಕೋನ್ ಜೆಲ್ ಅಥವಾ ಸಲೈನ್ ತುಂಬಿದ ಇಂಪ್ಲಾಂಟನ್ನು ಒಳಗಿಟ್ಟು ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆ. ಸಿಲಿಕೋನ್ ಇಂಪ್ಲಾಂಟಿನ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಮಾಡಿದವರು ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ. ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ, ಬಹಳ ಮಂದಿ ಅಂದೇ ಮನೆಗೆ ಹೋಗುತ್ತಾರೆ. ಚೇತರಿಕೆ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ.

ಇಂಪ್ಲಾಂಟ್ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ನೋವು ನಿಂತಿದೆ. ಸ್ತನಗ್ರಂಥಿಯ ಹಿಂದೆ, ಎದೆಯ ಸ್ನಾಯುವಿನ ಮೇಲೆ ಇಟ್ಟರೆ ನೋವು ಕಡಿಮೆ. ಸ್ನಾಯುವಿನ ಅಡಿಗೆ ಇಟ್ಟರೆ ಹೆಚ್ಚು. ತೋಳನ್ನು ಮೈಕಡೆಗೆ ಎಳೆಯುವುದು, ಮುಂದಕ್ಕೆ ತಳ್ಳುವುದು ಇದೇ ಸ್ನಾಯುವಿನ ಕೆಲಸ. ಹಾಗಾಗಿ ಮೊದಲ ದಿನಗಳಲ್ಲಿ ಕೈಯೂರಿ ಹಾಸಿಗೆಯಿಂದ ಏಳುವುದು, ಉಪ್ಪಿನಕಾಯಿ ಜಾಡಿಯ ಬಿಗಿ ಮುಚ್ಚಳ ತಿರುಗಿಸುವುದು, ಕೈ ಹಿಂದೆ ಹಾಕಿ ಜಡೆ ಹೆಣೆಯುವುದು ಇವೇ ಕಷ್ಟವಾಗುತ್ತವೆ. ಮುಂದೆ ಗುಂಡಿಯಿರುವ ಬಟ್ಟೆ, ಬೆನ್ನಿಗೆ ದಿಂಬು ಕೊಟ್ಟು ಅಂಗಾತ ಮಲಗುವುದು, ವೈದ್ಯರು ಹೇಳಿದಷ್ಟು ದಿನ ಬಿಗಿಯಾದ ಸರ್ಜಿಕಲ್ ಬ್ರಾ ಅನುಕೂಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮೊದಲ ದಿನದಿಂದಲೇ ಮನೆಯೊಳಗೆ ಅಡ್ಡಾಡಬೇಕು. ಸಿಗರೇಟು ಗಾಯ ಮಾಯುವುದನ್ನು ತಡೆಯುತ್ತದೆ.

ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮರಳಬಹುದು. ನೋವಿನ ಬಲವಾದ ಮಾತ್ರೆ ನಿಲ್ಲುವವರೆಗೆ, ಸ್ಟೇರಿಂಗನ್ನು ಥಟ್ಟನೆ ತಿರುಗಿಸಲು ಆಗುವವರೆಗೆ ಗಾಡಿ ಓಡಿಸಬಾರದು. ಭಾರ ಎತ್ತುವ, ತಲೆಯ ಮೇಲೆ ಕೈಚಾಚುವ ಕೆಲಸಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ರೋಗಿಯನ್ನು ಮಗ್ಗುಲಿಗೆ ಹೊರಳಿಸುವ ನರ್ಸ್‌ಗೂ, ಇಡೀ ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ತಳ್ಳುವ ಗಾರ್ಮೆಂಟ್ಸ್ ಕೆಲಸಗಾರ್ತಿಗೂ ಕಚೇರಿಯವರ ಲೆಕ್ಕ ಹೊಂದುವುದಿಲ್ಲ. ಮನೆಗೆಲಸದ ಭಾರವಂತೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. 20 ಲೀಟರಿನ ನೀರಿನ ಕ್ಯಾನ್ ಎಂದರೆ 20 ಕಿಲೋ ಮೀರಿದ ತೂಕ. ಗೃಹಬಳಕೆಯ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಎರಡು ವರ್ಷದ ಮಗು ತೋಳು ಚಾಚಿ ನಿಂತರೆ ಇಲ್ಲವೆನ್ನುವುದು ಇನ್ನೂ ಕಷ್ಟ. ಉದ್ಯೋಗ ಯಾವುದೆಂದು ಕೇಳುವ ವೈದ್ಯರು, ದಿನಕ್ಕೆ ಏನೇನು ಎತ್ತುತ್ತೀರಿ ಎಂದೂ ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು. ರಜೆಯ ಪ್ರಮಾಣಪತ್ರದಲ್ಲಿ ವಿಶ್ರಾಂತಿಯ ಅವಧಿಯ ಜೊತೆಗೆ ಎಷ್ಟು ಭಾರ ಎತ್ತಬಾರದೆಂದು ಬರೆಸಿಕೊಂಡರೆ ಸಹೋದ್ಯೋಗಿಗಳಿಗೆ ಹೆಚ್ಚಿನ ವಿವರಣೆ ಕೊಡಬೇಕಾಗುವುದಿಲ್ಲ. ಭಾರತದ ಆರೋಗ್ಯ ವಿಮೆಗಳು ಸೌಂದರ್ಯಕ್ಕಾಗಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಯ ಮಾತು ಬೇರೆ.

ಚೇತರಿಕೆಯ ದಿನಗಳಲ್ಲಿ ಒಂದೇ ಸ್ತನದಲ್ಲಿ ಏಕಾಏಕಿ ಊತ, ಬಿಗಿತ ಬಂದರೆ ಒಳಗೆ ರಕ್ತ ಕಟ್ಟಿರಬಹುದು. ಜ್ವರ, ಹೆಚ್ಚುತ್ತಿರುವ ಕೆಂಪು, ಗಾಯದಿಂದ ಕೀವು ಸೋಂಕಿನ ಗುರುತು. ಮೀನಖಂಡದಲ್ಲಿ ನೋವು, ಉಸಿರುಕಟ್ಟುವಿಕೆ ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೊದಲು ಎತ್ತರದಲ್ಲಿ, ಗಡುಸಾಗಿ ತೋರುವ ಸ್ತನ ಕೆಲವು ತಿಂಗಳಲ್ಲಿ ಕೆಳಗಿಳಿದು ಮೆತ್ತಗಾಗುತ್ತದೆ. ಇಂಪ್ಲಾಂಟಿನ ಸುತ್ತ ದೇಹ ಕಟ್ಟುವ ನಾರಿನ ಪೊರೆ ಕೆಲವರಲ್ಲಿ ಬಿಗಿದು ನೋವು ಕೊಡುತ್ತದೆ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೆ ಲಿಂಫೋಮಾ ಎಂಬ ಕ್ಯಾನ್ಸರಿನ ಅಪರೂಪದ ಒಂದು ಬಗೆಯ ನಂಟಿರುವುದು ತಿಳಿದು, 2019ರಲ್ಲಿ ಅಂಥ ಕೆಲವನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ. ಸಿಲಿಕೋನ್ ಇಟ್ಟವರು ಶಸ್ತ್ರಚಿಕಿತ್ಸೆಯಾಗಿ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿಕೊಳ್ಳಬೇಕೆಂಬುದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹೆ.