ಪಾರದಾರದಿಂದ ಹಾದರಕ್ಕೆ

ಕುಮ್ಮಟದ ಕುಮಾರರಾಮನಿಗೆ ಸಂದ ಬಿರುದುಗಳಲ್ಲಿ ‘ಪರದಾರಸೋದರ’ ಎಂಬುದು ಪ್ರಸಿದ್ಧವಾದುದು. ದಿಲ್ಲಿಯ ಸೇನೆಯೊಡನೆ ಹೋರಾಡಿ 1327ರ ಸುಮಾರಿಗೆ ಮಡಿದ ಈ ವೀರನ ಶೌರ್ಯವನ್ನು ಹೊಗಳಲು ಬೇರೆ ಮಾತುಗಳಿಗೆ ಕೊರತೆಯಿರಲಿಲ್ಲ. ಆದರೂ ಹದಿನಾರನೆಯ ಶತಮಾನದ ಸಾಂಗತ್ಯಕವಿ ನಂಜುಂಡನಿಗೆ ಮಿಗಿಲಾಗಿ ಕಂಡುದು, ಅವನು ಪರಸತಿಯರಿಗೆ ಒಡಹುಟ್ಟಿದವನಂತೆ ನಡೆದುಕೊಂಡನೆಂಬ ಸಂಗತಿ. ಚಿಕ್ಕತಾಯಿ ರತ್ನಾಜಿ ಅವನನ್ನು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ, ಅವಳ ದೂರನ್ನು ನಂಬಿದ ತಂದೆ ಕಂಪಿಲರಾಯನು ಮಗನ ತಲೆಯನ್ನು ತೆಗೆಯಲು ಅಪ್ಪಣೆ ಕೊಡುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿ ಉಳಿಸುತ್ತಾನೆ. ಗಂಡಸಿನ ವ್ರತವನ್ನು ಕೊಂಡಾಡುವ ಕಥೆಯಲ್ಲಿಯೂ ತಪ್ಪಿನ ಮೊದಲ ಹೆಜ್ಜೆಯನ್ನು ಹೆಂಗಸಿನಿಂದಲೇ ಇಡಿಸಲಾಗಿದೆ. ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಂತೂ ಅಷ್ಟಾವಂಕನಿಗೆ ಒಲಿದ ಅಮೃತಮತಿಯ ಮೇಲೆಯೇ ಕಥೆಯ ಭಾರವೆಲ್ಲ ಬಿದ್ದಿದೆ.

ಆದರೆ ಕಥೆಯನ್ನು ಬದಿಗಿಟ್ಟು ಪದವನ್ನೇ ಹಿಡಿದು ನೋಡಿದರೆ ಅದು ಹೇಳುವುದು ಬೇರೆ. ‘ಪರದಾರ’ವೆಂದರೆ ಇನ್ನೊಬ್ಬನ ಹೆಂಡತಿ, ಅವಳೊಡನೆ ಕೂಡುವ ದೋಷವೇ ‘ಪಾರದಾರ್ಯ’. ಈ ಹೆಸರು ಗಂಡಸಿನ ಅಪರಾಧಕ್ಕೆ ಇಟ್ಟದ್ದು. ಹೆಂಗಸು ಆ ಮಾತಿನಲ್ಲಿ ಕರ್ತೃವಲ್ಲ, ಕರ್ಮ. (‘ದಾರ’ ಶಬ್ದವು ಹೆಂಡತಿಯೆಂಬ ಅರ್ಥವಿದ್ದೂ ಸಂಸ್ಕೃತದಲ್ಲಿ ಪುಲ್ಲಿಂಗವಾಗಿರುವುದು ವೈಯಾಕರಣರ ವಿನೋದಕ್ಕೆ ಬಿಟ್ಟ ವಿಷಯ.) ಕನ್ನಡದ ‘ಪಾದರ’ವನ್ನು ಇದರ ತದ್ಭವವೆಂದು ಎಣಿಸುವುದು ವಾಡಿಕೆ. ಪಕಾರವು ಹಕಾರವಾದಾಗ ಅದೇ ‘ಹಾದರ’ವಾಯಿತು. ಹಳೆಯ ಭಾಷೆ ‘ಹಾದರಿಗ’ನನ್ನೂ ಬಲ್ಲದು. ಇಂದಿನ ಆಡುಮಾತಿನಲ್ಲಿ ಅವನು ಹೆಚ್ಚು ಕಡಮೆ ಮರೆಯಾಗಿದ್ದಾನೆ. ಕಿವಿಗೆ ಬೀಳುವುದು ‘ಹಾದರಗಿತ್ತಿ’ಯೆಂಬ ಬಯ್ಗುಳವೊಂದೇ. ಗಂಡಸಿನ ದೋಷವಾಗಿ ಹುಟ್ಟಿದ ಪದವು ನಾಲಗೆಯಿಂದ ನಾಲಗೆಗೆ ಸಾಗುತ್ತ ಹೆಂಗಸಿನ ಹೆಸರಾಗಿ ನಿಂತಿತು.

ಈ ಸಾಗಣೆಯ ನಡುವೆ ವಚನಕಾರರ ಕಾಲವೊಂದು ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಅನ್ಯದೈವದ ಸಂಗವನ್ನೇ ಹಾದರವೆಂದು ಕರೆದರು. ಅಂಥ ಭಕ್ತನಿಗೆ ಮೂಗು ಕೊಯ್ಯುವ ಶಿಕ್ಷೆಯ ಎಚ್ಚರಿಕೆಯನ್ನೂ ಕೊಟ್ಟರು. ಮೂಗು ಕೊಯ್ಯುವುದು ತಪ್ಪಿದ ಹೆಂಡತಿಗೆ ಲೋಕ ವಿಧಿಸುತ್ತಿದ್ದ ದಂಡನೆ. ಇಲ್ಲಿ ಮೀಸೆ ಹೊತ್ತ ಭಕ್ತನೂ ಹೆಂಡತಿಯ ಸ್ಥಾನದಲ್ಲಿ ನಿಂತು ಅದೇ ದಂಡನೆಗೆ ಗುರಿಯಾಗುತ್ತಾನೆ. ರೂಪಕದ ಮೂಲಕವಾದರೂ ಪದವು ಒಮ್ಮೆ ಗಂಡಸಿಗೆ ಮರಳಿತೆನ್ನಬಹುದು. ಅಕ್ಕಮಹಾದೇವಿ ಗಂಡ-ಮಿಂಡರಿಬ್ಬರನ್ನು ಒಟ್ಟಿಗೆ ನಡೆಸಲಾಗದೆಂಬ ಮಾತಿನಿಂದ ಲೌಕಿಕ-ಪಾರಮಾರ್ಥಗಳ ಇಕ್ಕಟ್ಟನ್ನು ಸೂಚಿಸಿದಳು. ‘ಮಿಂಡ’ ಶಬ್ದಕ್ಕೆ ಅಂದು ಇಂದಿನ ಹೊಲಸು ಪೂರ್ತಿಯಾಗಿ ಅಂಟಿರಲಿಲ್ಲ. ಪ್ರಾಯದ ಗಂಡು ಎಂಬ ಅರ್ಥವೂ ಅದಕ್ಕಿತ್ತು. ಬಸವಣ್ಣನವರ ಕಥೆಗಳಲ್ಲಿ ಬರುವ ಹನ್ನೆರಡು ಸಾವಿರ ಮಿಂಡ ಜಂಗಮರನ್ನು ನೆನೆದರೆ ಸಾಕು.

ಎಲ್ಲಕ್ಕಿಂತ ಬೆರಗುಗೊಳಿಸುವವಳು ಸೂಳೆ ಸಂಕವ್ವೆ. ‘ನಿರ್ಲಜ್ಜೇಶ್ವರ’ ಅಂಕಿತದ ಅವಳ ವಚನ ದೊರೆತಿರುವುದು ಒಂದೇ. ಒಬ್ಬನ ಒತ್ತೆಯನ್ನು, ಎಂದರೆ ಮುಂಗಡ ಹಣವನ್ನು, ಹಿಡಿದ ಮೇಲೆ ಇನ್ನೊಬ್ಬನ ಒತ್ತೆಯನ್ನು ಹಿಡಿಯಲಾರೆನೆಂಬುದು ಅದರ ತಾತ್ಪರ್ಯ. ಹಿಡಿದರೆ ಬತ್ತಲೆ ನಿಲ್ಲಿಸಿ ಕೊಲ್ಲುವರೆಂಬ ಭಯವೂ ಅಲ್ಲಿ ಉಂಟು. ಲೋಕ ಯಾರ ನಿಷ್ಠೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೋ ಅವಳು ತನ್ನ ಕಸುಬಿನ ಕಟ್ಟಳೆಯಿಂದಲೇ ನಿಷ್ಠೆಯ ಮಾತನ್ನು ಎತ್ತಿಕೊಂಡಳು. ಮದುವೆಯ ಪದಗಳೊಂದೂ ಅವಳಿಗೆ ಬೇಕಾಗಲಿಲ್ಲ.

ಗಂಡಸಿನ ನಿಷ್ಠೆಗೆ ಶಾಸನಗಳ ಭಾಷೆಯಲ್ಲಿ ಬೇರೊಂದು ಪದಕೋಶವೇ ಇತ್ತು. ಅದರ ಮೂಲ ಹಾಸಿಗೆಯಲ್ಲ, ಅನ್ನ. ಉಂಡ ಜೋಳದ ಋಣವನ್ನು ತೀರಿಸುವುದು ‘ಜೋಳವಾಳಿ’. ಅದಕ್ಕೆ ಎರಡೆಣಿಸಿದವನು ‘ಸ್ವಾಮಿದ್ರೋಹಿ’. ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’, ಎಂದರೆ ದ್ರೋಹಿಗಳನ್ನು ಅರೆಯುವ ಬೀಸುವ ಕಲ್ಲು, ಎಂಬ ಬಿರುದಿತ್ತು. ಮಗ ಬೊಪ್ಪನು ತಂದೆಯ ನೆನಪಿಗೆ 1133ರಲ್ಲಿ ದೋರಸಮುದ್ರದಲ್ಲಿ ಕಟ್ಟಿಸಿದ ಬಸದಿಗೂ ಆ ಹೆಸರೇ ಬಂದಿತು. ವಿಜಯನಗರದ ಅರಸರು ‘ಭಾಷೆಗೆ ತಪ್ಪುವ ರಾಯರ ಗಂಡ’ರೆನಿಸಿಕೊಂಡರು. ಇಲ್ಲಿ ‘ಗಂಡ’ನೆಂದರೆ ಮಣಿಸುವ ಶೂರನೆಂದೇ ಅರ್ಥ. ಆದರೂ ಕೊಟ್ಟ ಮಾತಿಗೆ ತಪ್ಪಿದ ದೊರೆಗೆ ಇನ್ನೊಬ್ಬನನ್ನು ‘ಗಂಡ’ನೆಂದು ಹೇಳುವ ಭಾಷೆಯ ಕುಚೋದ್ಯ ಕೇಳುವವರಿಗೆ ತಿಳಿಯದೆ ಇದ್ದೀತೆ? ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣವನ್ನೊಪ್ಪಿಸಿದ ಕುವರಲಕ್ಷ್ಮನನ್ನು ಕೊಂಡಾಡುತ್ತದೆ; ಅವನ ಹೆಂಡತಿ ಸುಗ್ಗಲದೇವಿ ಅವನೊಡನೆ ಸತ್ತವಳಾಗಿ ಅಲ್ಲಿ ಬರುತ್ತಾಳೆ. ಆ ಜೋಳವಾಳಿಯ ಎಳೆ ಇಂದಿಗೂ ‘ಉಂಡ ಮನೆಗೆ ಎರಡು ಬಗೆಯುವುದು’ ಎಂಬ ನುಡಿಗಟ್ಟಿನಲ್ಲಿ ಜೀವಂತವಾಗಿದೆ.

ಸಂಸ್ಕೃತದಿಂದ ನೇರವಾಗಿ ಬಂದ ‘ಜಾರ’, ‘ವ್ಯಭಿಚಾರ’ಗಳ ಪಾಡು ಬೇರೆ. ಋಗ್ವೇದದಲ್ಲಿ ‘ಜಾರ’ನೆಂದರೆ ಉಷೆಯ ನಲ್ಲನೂ ಆಗಬಲ್ಲನು. ಕನ್ನಡದ ‘ಕಾಲು ಜಾರಿದಳು’ ಎಂಬ ಮಾತಿಗೆ ಅವನೊಡನೆ ನಂಟಿಲ್ಲ; ಧ್ವನಿ ಮಾತ್ರ ಹತ್ತಿರ. ತರ್ಕದವರಿಗೆ ವ್ಯಭಿಚಾರವು ಹೇತುವಿನ ದೋಷ. ಅಲಂಕಾರಶಾಸ್ತ್ರದವರು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಯಾವ ಸಂಕೋಚವೂ ಇಲ್ಲದೆ ಪಾಠ ಹೇಳುತ್ತಾರೆ. ಇಂದಿನ ಪತ್ರಿಕೆಗಳಿಗಂತೂ ‘ಅಕ್ರಮ ಸಂಬಂಧ’, ‘ಅನೈತಿಕ ಸಂಬಂಧ’ಗಳೇ ಸಾಕಾಗಿವೆ. ಚೆನ್ನೈಯ ಕನ್ನಡಿಗರು ನಿತ್ಯ ಕಾಣುವ ತಮಿಳಿನ ‘ಕಳ್ಳಕ್ಕಾದಲ್’ ಇವೆರಡಕ್ಕಿಂತ ಜೀವವುಳ್ಳ ಮಾತು. ‘ಕಳ್ಳಬಸಿರು’ ಎನ್ನಬಲ್ಲ ಕನ್ನಡಕ್ಕೆ ಅಂಥದೊಂದು ಅಸಾಧ್ಯವಾಗಿರಲಿಲ್ಲ.

ವಿಚಿತ್ರವೆಂದರೆ, ಆಡುಮಾತು ಬಿಟ್ಟುಕೊಟ್ಟ ಹಳೆಯ ಅರ್ಥವನ್ನು ಕಾಪಾಡಿದುದು ಆಂಗ್ಲರ ಕಾನೂನು. 1860ರ ದಂಡಸಂಹಿತೆಯ 497ನೆಯ ಕಲಮು, ಗಂಡನ ಸಮ್ಮತಿಯಿಲ್ಲದೆ ಪರಸತಿಯನ್ನು ಕೂಡಿದ ಗಂಡಸನ್ನು ಮಾತ್ರ ಅಪರಾಧಿಯೆಂದು ಎಣಿಸಿ ಐದು ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸಿತು. ಹೆಂಗಸನ್ನು ಪ್ರೇರಕಳೆಂದೂ ಶಿಕ್ಷಿಸಕೂಡದೆಂದಿತು. ಮೇಲುನೋಟಕ್ಕೆ ಇದು ಕರುಣೆ. ಒಳಹೊಕ್ಕು ನೋಡಿದರೆ ಪಾರದಾರ್ಯದ ಪಡಿಯಚ್ಚು: ಕಳವಾದುದು ಗಂಡನ ಸೊತ್ತು, ಸೊತ್ತಿಗೆ ಶಿಕ್ಷೆಯೆಲ್ಲಿಯದು? ತನ್ನ ಗಂಡ ಬೇರೊಬ್ಬಳಲ್ಲಿಗೆ ಹೋದರೆ ದೂರು ಕೊಡುವ ಹಕ್ಕು ಹೆಂಡತಿಗಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ 2018ರ ಸೆಪ್ಟೆಂಬರ್ 27ರಂದು ಈ ಕಲಮನ್ನು ರದ್ದುಗೊಳಿಸಿತು. ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ವ್ಯಭಿಚಾರ ಉಳಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಇನ್ನೊಬ್ಬನ ಹೆಂಡತಿಯನ್ನು ಅಕ್ರಮ ಸಂಗದ ಉದ್ದೇಶದಿಂದ ಪುಸಲಾಯಿಸಿ ಒಯ್ಯುವವನಿಗೆ ಎರಡು ವರ್ಷಗಳವರೆಗೆ ಸೆರೆ ವಿಧಿಸುವ ನೆರೆಯ ಕಲಮು, ಅದೇ ಸಂಹಿತೆಯಲ್ಲಿ 84ನೆಯ ಸಂಖ್ಯೆಯನ್ನು ಹೊತ್ತು ಉಳಿದುಕೊಂಡಿದೆ.