ಎಡೆಕುಂಟೆ ಮತ್ತು ಥರ್ಮಾಕೋಲ್

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ವಸ್ತುಪ್ರದರ್ಶನಗಳ ಬಗ್ಗೆ ಬರೆದುಕೊಡಿ ಎಂದು ಮುಖ್ಯ ಶಿಕ್ಷಕರು ಫೋನ್ ಮಾಡಿದಾಗ ಸಂತೋಷದಿಂದ ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ಮೊದಲು ನೆನಪಾದದ್ದು ನನಗೆ ಬಂದ ಒಂದು ಬಹುಮಾನ. ಅದನ್ನು ನೆನೆದರೆ ಇಂದಿಗೂ ಸಂಕೋಚವಾಗುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡಿಸೈನ್ ಎಂಬ ಮಾತನ್ನು ಈಗ ನಮ್ಮ ಆಫೀಸಿನಲ್ಲಿ ದಿನಕ್ಕೆ ನೂರು ಸಲ ಕೇಳುತ್ತೇನೆ. ಮೊದಲ ಸಲ ಕೇಳಿದ್ದು ನಮ್ಮ ಡ್ರಾಯಿಂಗ್ ಮೇಷ್ಟ್ರ ಬಾಯಲ್ಲಿ. ಲೋಯರ್ ಗ್ರೇಡ್ ಪರೀಕ್ಷೆ ಕಟ್ಟಿದವರನ್ನೆಲ್ಲ ಅವರು ಒಂದು ಭಾನುವಾರ ಹೊಸಹೊಳಲಿಗೆ ಕರೆದುಕೊಂಡು ಹೋದರು. ಸುಮಾರು 1250ರಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಕಟ್ಟಿದ ಲಕ್ಷ್ಮೀನಾರಾಯಣ ದೇವಸ್ಥಾನ ಅದು. ಪೇಟೆಯ ಮಗ್ಗುಲಲ್ಲೇ ಇದ್ದರೂ ನಾವು ಅದನ್ನು ಕಣ್ಣಿಟ್ಟು ನೋಡಿರಲಿಲ್ಲ. "ವಿಗ್ರಹ ಬರೀಬೇಡಿ, ಕೆಳಗಿನ ಪಟ್ಟಿಗಳನ್ನ ಬರೀರಿ" ಎಂದರು. ತಳದಲ್ಲಿ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. "ಆನೆನೇ ಯಾಕಪ್ಪ ಕೆಳಗಿಟ್ಟ?" ಎಂದು ಕೇಳಿ, ನಾವು ಬಾಯಿ ಬಿಡದಿದ್ದಾಗ, "ಭಾರ ಹೊರೋರು ಯಾರು ಮತ್ತೆ?" ಎಂದು ನಕ್ಕರು. ಗೋಡೆ ಮೂಲೆ ತಿರುಗುವಲ್ಲಿ ಬಳ್ಳಿ ಹೇಗೆ ಮುಂದುವರಿಯುತ್ತದೆ ಎಂಬುದೊಂದನ್ನೇ ಬರೆಯಲು ನನಗೆ ಮಧ್ಯಾಹ್ನವಾಯಿತು. ಆಗ ಕಾರ್ಯಾಗಾರ ಎಂಬ ಪದ ನಮಗೆ ಗೊತ್ತಿರಲಿಲ್ಲ.

ಹಳೇ ಮೈಸೂರಿನ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮೇಷ್ಟ್ರುಗಳು ಬಂದದ್ದಕ್ಕೆ ಒಂದು ಹಿನ್ನೆಲೆ ಇದೆ. ಚಾಮರಾಜೇಂದ್ರ ಒಡೆಯರ ನೆನಪಿಗೆ ಮೈಸೂರಿನಲ್ಲಿ ತಾಂತ್ರಿಕ ಶಾಲೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಹಾಕಿದರು. ಚಿತ್ರಕಲೆ, ಮರಗೆಲಸ, ಕೆತ್ತನೆ ಎಲ್ಲವನ್ನೂ ಒಂದೇ ಸೂರಿನಡಿ ಕಲಿಸಿದ ಜಾಗ ಅದು. ಈಗಿನ ಕಾವಾ ಕಾಲೇಜು ಅದರ ಮುಂದುವರಿಕೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸವನ್ನೇ ಓದಿನ ನಡುಮಧ್ಯೆ ಇಡಬೇಕೆಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ಎಸ್‌ಯುಪಿಡಬ್ಲ್ಯು ಎಂಬ ಹೆಸರಿನಲ್ಲಿ ಶಾಲೆಗಳಿಗೆ ತಂದಿತು. ನಮ್ಮ ಕಾಲಕ್ಕೆ ಆ ಪೀರಿಯಡ್ಡಿನಲ್ಲಿ ಆಟದ ಮೈದಾನದ ಕಸ ಹೆಕ್ಕುತ್ತಿದ್ದೆವು. ಓದುಗರಲ್ಲಿ ಬಹಳ ಮಂದಿಗೆ ಇದು ನೆನಪಿರಬಹುದು.

ವಿನ್ಯಾಸದ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ನಮ್ಮ ದೇಶದಲ್ಲಿ ವಿನ್ಯಾಸ ಕಲಿಸುವುದು ಹೇಗೆಂದು ತಿಳಿಯಲು ಸರ್ಕಾರ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಕರೆಸಿತು. ಊರೂರು ತಿರುಗಿ 1958ರಲ್ಲಿ ಅವರು ಕೊಟ್ಟ ವರದಿಯಲ್ಲಿ ಹೆಚ್ಚು ಹೊಗಳಿದ ವಸ್ತು ಚೊಂಬು! ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ಕಂಠ ಹೇಗಿರಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ ಎಂದು ಕೇಳಿಕೊಂಡು ಹೋಗುತ್ತಾರೆ. ಯಾರೋ ಒಬ್ಬರು ಕೂತು ಮಾಡಿದ್ದಲ್ಲ, ತಲೆಮಾರುಗಳು ತಿದ್ದಿದ ವಸ್ತು ಎನ್ನುತ್ತಾರೆ. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನಮ್ಮ ಹಜಾರದ ಮೂಲೆಯಲ್ಲಿದ್ದ ಚೊಂಬಿನ ವಿಷಯ ನಾನು ಓದಿದ್ದು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

ಇನ್ನು ಪ್ರದರ್ಶನಗಳು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ 1965ರಲ್ಲಿ ಜನರಿಗೆ ತೆರೆಯಿತು. ಅವರ ವಿಜ್ಞಾನದ ಬಸ್ಸು ನಮ್ಮ ಶಾಲೆಯ ಹತ್ತಿರ ಬಂದು ನಿಂತ ದಿನ ಗುಂಡಿ ಒತ್ತಲು ನೂಕುನುಗ್ಗಲು. ದಸರಾ ವಸ್ತುಪ್ರದರ್ಶನವನ್ನೂ ನೋಡಿದ್ದೆವು. ಹಾಗಾಗಿ ಪ್ರದರ್ಶನ ಎಂದರೆ ಬಣ್ಣ, ದೀಪ, ತಿರುಗುವ ಚಕ್ರ ಎಂದೇ ನಮ್ಮ ತಲೆಯಲ್ಲಿ ಕೂತಿತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ತಾಲ್ಲೂಕು ಮಟ್ಟಕ್ಕೆ ಒಯ್ದದ್ದು ಥರ್ಮಾಕೋಲಿನ ಜಲವಿದ್ಯುತ್ ಕೇಂದ್ರ. ಅದರ ಮುಕ್ಕಾಲು ಪಾಲು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು. ಉಳಿದದ್ದಕ್ಕೆ ಅಣ್ಣ ಬಣ್ಣ ಬಳಿದಿದ್ದ. ನನ್ನ ಪಕ್ಕದ ಮೇಜು ನನ್ನ ಬೆಂಚಿನ ಗೆಳೆಯನದು. ಹಳೇ ಸೈಕಲ್ಲಿನ ಮುಂದಿನ ಚಕ್ರಕ್ಕೆ ಎಡೆಕುಂಟೆಯ ಕುಡ ಕಟ್ಟಿ, ಒಬ್ಬರೇ ತಳ್ಳಿಕೊಂಡು ಕಳೆ ತೆಗೆಯುವಂತೆ ಮಾಡಿದ್ದ. ತುಕ್ಕು, ಗ್ರೀಸು, ಸುತ್ತಿದ ಟ್ಯೂಬು. ಹಿಡಿ ತುಸು ಗಿಡ್ಡ. ಅವನ ತಾಯಿ ಗಿಡ್ಡಕ್ಕಿದ್ದರು. ತೀರ್ಪುಗಾರರೊಬ್ಬರು "ಇದರಲ್ಲಿ ಯಾವ ವಿಜ್ಞಾನದ ತತ್ವ ಇದೆ?" ಎಂದರು. ಅವನು ತಲೆ ತಗ್ಗಿಸಿದ. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಎರಡನೇ ಬಹುಮಾನ ಬಂತು. ಅವನು ಎಸ್ಸೆಸ್ಸೆಲ್ಸಿ ನಂತರ ಓದು ಬಿಟ್ಟು ಗ್ಯಾರೇಜು ಸೇರಿದ. ಆ ದಿನದಿಂದಲೇ ಹಾಗಾಯಿತು ಎಂದು ಹೇಳಲಾರೆ, ಅವನೂ ಎಂದೂ ಹೇಳಿಲ್ಲ.

ಈಗ ಕಾಲ ಸ್ವಲ್ಪ ಬದಲಾಗಿದೆ. ಆರರಿಂದ ಹತ್ತನೇ ತರಗತಿಯವರಿಗೆಂದು ಶುರುವಾದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಸ್ವಂತ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಅದರ ಖಾತೆಗೇ ಬರುತ್ತದೆ. ಗೆದ್ದವು ಜಿಲ್ಲೆ, ರಾಜ್ಯ, ದೇಶದ ಮಟ್ಟಕ್ಕೆ ಹೋಗುತ್ತವೆ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬುಗಳೂ ಬಂದಿವೆ. ಆದರೂ ಥರ್ಮಾಕೋಲ್ ಮಾರುವ ಅಂಗಡಿಗಳಲ್ಲಿ ರೆಡಿಮೇಡ್ ಮಾದರಿಗಳ ವ್ಯಾಪಾರ ಕಡಿಮೆಯಾದಂತಿಲ್ಲ. ಬಹುಮಾನ ಕೊಡುವ ಕಣ್ಣು ಬದಲಾಗದೆ ಅದು ಕಡಿಮೆಯಾಗುವುದೂ ಇಲ್ಲ.

ಕಳೆದ ವರ್ಷ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ನಮ್ಮ ಶಾಲೆಯಲ್ಲಿ ಎರಡು ದಿನದ ಶಿಬಿರ ಮಾಡಿದೆವು. ಕಂಪ್ಯೂಟರ್ ಒಯ್ಯಲಿಲ್ಲ. ರಟ್ಟು, ದಾರ, ಟೇಪು ಅಷ್ಟೆ. ಮನೆಯಲ್ಲಿ ಯಾರಿಗೆ, ಯಾವ ಕೆಲಸದಲ್ಲಿ, ಎಲ್ಲಿ ನೋವು ಎಂದು ಕೇಳಿ ಅಳತೆ ತನ್ನಿ ಎಂದೆವು. ಒಬ್ಬ ಹುಡುಗಿ ಬಿಸಿಯೂಟದ ಪಾತ್ರೆ ಎತ್ತುವ ಅಕ್ಕಂದಿರ ಅಂಗೈ ಅಳೆದು ತಂದಳು. ಪಾತ್ರೆಯ ಕಿವಿಗೆ ಹಳೇ ಸೀರೆಯ ಹಿಡಿಕೆ ಹೊಲಿಯಲು ಅವಳಿಗೆ ಮೂರು ಸಲ ಬಿಚ್ಚಬೇಕಾಯಿತು. ಮೂರನೆಯದು ಈಗಲೂ ಅಡುಗೆಮನೆಯಲ್ಲಿದೆ.

ಎರಡನೇ ದಿನ ಸಂಜೆ ವರಾಂಡದಲ್ಲಿ ಬೆಂಚು ಜೋಡಿಸಿ ಪ್ರದರ್ಶನ ಇಟ್ಟೆವು. ಊರವರು ಬಂದರು. ನನ್ನ ಗೆಳೆಯನೂ ಬಂದ, ನಾನು ಕೇಳಿಕೊಂಡಿದ್ದೆ. ಆ ಸೈಕಲ್ ಎಡೆಕುಂಟೆಯನ್ನು ಟಿವಿಎಸ್ ಗಾಡಿಯ ಹಿಂದೆ ಕಟ್ಟಿಕೊಂಡು ತಂದಿದ್ದ. ಕುಡ ಎರಡು ಸಲ ಬದಲಾಗಿತ್ತು, ಚಕ್ರ ಅದೇ. ಮೊದಲ ಬೆಂಚಿನ ಮುಂದೆ ನಿಲ್ಲಿಸಿ, ಚೀಟಿ ಹಿಡಿದು, ಯಾವ ತತ್ವ ಅಂತ ಬರೆಯೋದೋ ಎಂದು ಕೇಳಿದೆ.

"ನಮ್ಮವ್ವನ ಸೊಂಟದ ಎತ್ರ ಬರಿ, ಸಾಕು ಕಣ್ಲಾ" ಎಂದ.